ಕಾಸಿಲ್ಲದ ಕಂದು, ಕೊಂಡು ತರುವ ಬೀಜ

ಪಾಲಕರ ಸಭೆಗಳಲ್ಲಿ ಅಂಕಗಳ ಮಾತೇ ಹೆಚ್ಚು. ಗುಂಡ್ಲುಪೇಟೆ ಕಡೆಯ ರೈತರೊಬ್ಬರು ಮಾತ್ರ ಒಮ್ಮೆ ಮಗನ ಅಂಕಪಟ್ಟಿಯನ್ನು ಮಡಿಸಿ ಜೇಬಿಗಿಟ್ಟು ಬೇರೆಯದನ್ನೇ ಕೇಳಿದರು: "ಮೇಷ್ಟ್ರೇ, ಬಾಳೆ ಕಂದನ್ನ ಪಕ್ಕದ ತೋಟದಿಂದ ತಂದು ನೆಡ್ತೀವಿ, ಕಾಸಿಲ್ಲ. ಸೂರ್ಯಕಾಂತಿ ಬೀಜಕ್ಕೆ ಮಾತ್ರ ವರ್ಷಾ ವರ್ಷಾ ದುಡ್ಡು ಸುರೀಬೇಕು. ಮನೇಲಿ ಬೆಳೆದ ಬೀಜಾನೇ ಯಾಕೆ ಬಿತ್ತಬಾರದು?" ಸಸ್ಯಗಳ ಸಂತಾನೋತ್ಪತ್ತಿಯ ಪಾಠ ಪೂರ್ತಿ ಈ ಪ್ರಶ್ನೆಯಲ್ಲಿದೆ.

ಸೂರ್ಯಕಾಂತಿಯದು ಲೈಂಗಿಕ ಸಂತಾನೋತ್ಪತ್ತಿ. ಒಂದೇ ಹೂವಿನಂತೆ ಕಾಣುವುದು ನೂರಾರು ಪುಟ್ಟ ಹೂಗಳ ಗೊಂಚಲು. ಜೇನುಹುಳು ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ. ಪ್ರತಿ ಕಾಳಿನಲ್ಲೂ ತಂದೆ ತಾಯಿಯರ ಗುಣಗಳು ಹೊಸದಾಗಿ ಬೆರೆಯುತ್ತವೆ. ಅಂಗಡಿಯ ಹೈಬ್ರಿಡ್ ಬೀಜ ಎರಡು ಬೇರೆ ತಳಿಗಳ ಮೊದಲ ತಲೆಮಾರು. ನಮ್ಮ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿ.ಎಸ್.ಎಚ್.-1 ಬಂದದ್ದು 1980ರಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದಲೇ. ಅದರ ಕಾಳನ್ನೇ ಮತ್ತೆ ಬಿತ್ತಿದರೆ ಗುಣಗಳು ಚದುರಿ, ಒಂದು ಗಿಡ ಎತ್ತರ, ಒಂದು ಗಿಡ್ಡ, ಇಳುವರಿ ಇಳಿಯುತ್ತದೆ.

ಬಾಳೆಯ ಕಂದಿನ ಲೆಕ್ಕವೇ ಬೇರೆ. ನಾವು ಅದನ್ನು ಮರಿ ಎಂದು ಕರೆದರೂ ಅದು ತಾಯಿಯದೇ ಒಂದು ತುಂಡು, ನೆಲದೊಳಗಿನ ಗೆಡ್ಡೆಯ ಮೊಗ್ಗು. ಪಠ್ಯದಲ್ಲಿ ಇದಕ್ಕೆ ಕಾಯಜ ಸಂತಾನೋತ್ಪತ್ತಿ ಎನ್ನುತ್ತಾರೆ. ರಸಬಾಳೆಯ ಜೀವಕೋಶದಲ್ಲಿ ವರ್ಣತಂತುಗಳು ಮೂರು ಗುಂಪು, ಒಟ್ಟು 33. ಮೂರನ್ನು ಸಮನಾಗಿ ಎರಡು ಪಾಲು ಮಾಡುವುದು ಹೇಗೆ? ಹಾಗಾಗಿ ಬೀಜ ಕಟ್ಟುವುದಿಲ್ಲ. ಹಣ್ಣಿನ ನಡುವಿನ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು. ಚಾಮರಾಜನಗರದ ಹೊಲಗಳ ಅರಿಶಿನವೂ ಇದೇ ಜಾತಿಗೆ ಸೇರಿದ್ದು. ಹೂ ಬಿಟ್ಟರೂ ನಂಬುವುದು ಗೆಡ್ಡೆಯನ್ನೇ.

ಆದರೆ ಕಂದು ನಿಜಕ್ಕೂ ಕಾಸಿಲ್ಲದ್ದೇ? ನಮ್ಮ ಎರಡೂ ಊರುಗಳಿಂದ ಮೈಸೂರಿಗೆ ಹೋಗುವಾಗ ನಂಜನಗೂಡು ಸಿಗುತ್ತದೆ. ಅದರ ಹೆಸರು ಹೊತ್ತ ರಸಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಹಣ್ಣು ಸಿಗುವುದು ಮಾತ್ರ ಕಷ್ಟ. ಪನಾಮ ಸೊರಗು ರೋಗ ತೋಟಗಳನ್ನೇ ಬರಿದು ಮಾಡಿತು. ಎಲ್ಲ ಗಿಡಗಳೂ ಒಂದೇ ಅಚ್ಚಿನವು. ಒಂದನ್ನು ಗೆದ್ದ ಶಿಲೀಂಧ್ರ ಎಲ್ಲವನ್ನೂ ಗೆದ್ದಂತೆ. ಕಾಯಿಲೆ ಬಿದ್ದ ತೋಟದ ಕಂದಿನ ಜೊತೆ ರೋಗವೂ ಪಕ್ಕದ ತೋಟಕ್ಕೆ ಪುಕ್ಕಟೆಯಾಗಿ ಬರುತ್ತದೆ, ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಇದೇ ರೋಗದಿಂದ 1960ರ ಹೊತ್ತಿಗೆ ಲ್ಯಾಟಿನ್ ಅಮೆರಿಕದ ರಫ್ತಿನ ಬಾಳೆ ಗ್ರೋಸ್ ಮಿಷೆಲ್ ಮಾರುಕಟ್ಟೆಯಿಂದಲೇ ಮಾಯವಾಯಿತು. ಅಂಗಾಂಶ ಕೃಷಿಯ ಸಸಿ ರೋಗವಿಲ್ಲದೆ ಬರುತ್ತದೆ, ನಿಜ. ಆದರೆ ಅದೂ ಅದೇ ಅಚ್ಚು. ನೆಲದಲ್ಲಿ ಕಾದಿರುವ ರೋಗವನ್ನು ಎದುರಿಸುವ ಹೊಸ ಗುಣ ಅದಕ್ಕೆಲ್ಲಿಂದ ಬರಬೇಕು?

ಮಕ್ಕಳೇ, ಈ ಸಲ ಹೊಲದಲ್ಲಿ ಸೂರ್ಯಕಾಂತಿ ಅರಳುವ ಮುನ್ನ ಒಂದು ಮೊಗ್ಗಿಗೆ ತೆಳು ಬಟ್ಟೆ ಕಟ್ಟಿ. ಕೊಯ್ಲಿನಲ್ಲಿ ಅದರ ಗಟ್ಟಿ ಕಾಳನ್ನೂ ಪಕ್ಕದ ಹೂವಿನದನ್ನೂ ಎಣಿಸಿ, ಅಪ್ಪನಿಗೆ ತೋರಿಸಿ. ಹೂ ಅರಳಿರುವಾಗ ಬೆಳಿಗ್ಗೆ ಔಷಧಿ ಹೊಡೆಯಬೇಕೆ ಎಂಬುದನ್ನು ಆಮೇಲೆ ಇಬ್ಬರೂ ಕೂತು ಮಾತಾಡಿ.