ಉದಕಮಂಡಲದ ಅಗ್ಗಿಷ್ಟಿಕೆ

ನಮ್ಮ ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಹಳೆಯ ಬಂಗಲೆಗಳ ಅಗ್ಗಿಷ್ಟಿಕೆಗಳು ಅಲಂಕಾರಕ್ಕೆಂದು ಕಟ್ಟಿದವಲ್ಲ. ಸೌದೆಯ ಕೊರತೆಯನ್ನು ನೀಗಲೆಂದು 19ನೆಯ ಶತಮಾನದಲ್ಲಿ ಆಸ್ಟ್ರೇಲಿಯದ ಮರಗಳನ್ನು ತಂದು ನೆಟ್ಟರು. ನಾವಿಂದು ನೀಲಗಿರಿ ಎಂದು ಕರೆಯುವ ಮರವೂ ಹಾಗೆ ಬಂದುದೇ.

ಊರೊಂದಕ್ಕೆ ಎಷ್ಟು ಬೆಂಕಿ ಬೇಕೆಂಬುದಕ್ಕೆ ಲೆಕ್ಕವುಂಟು. ದಿನದ ಸರಾಸರಿ ಉಷ್ಣತೆಯು 18 ಡಿಗ್ರಿಗಿಂತ ಎಷ್ಟು ಕಡಿಮೆಯೋ ಅಷ್ಟನ್ನು ವರ್ಷವಿಡೀ ಕೂಡಿಸಬೇಕು. ದಿನವೂ 14 ಡಿಗ್ರಿಯಿರುವ ಊರೆಂದು ಭಾವಿಸಿದರೆ ಮೊತ್ತ 1,460. ಅದು ಒಂದೇ ಡಿಗ್ರಿ ಬೆಚ್ಚಗಾದರೆ 365 ಕಳೆದು, ಅಗತ್ಯದ ಕಾಲುಭಾಗವೇ ತಗ್ಗುತ್ತದೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆಯು ಸುಮಾರು 0.7 ಡಿಗ್ರಿ ಏರಿದೆ ಎಂಬುದನ್ನು ನೆನೆದರೆ, ಈ ಲೆಕ್ಕ ಬರಿಯ ಕಲ್ಪನೆಯಲ್ಲ.

ಸೌದೆ ಉಳಿಯಿತೆಂದು ಹಿಗ್ಗೋಣವೆ? ಸರಾಸರಿಯನ್ನು ಹೊದ್ದು ಮಲಗಲಾಗದು. ಜನವರಿಯ ನಿರ್ಮಲ ರಾತ್ರಿಗಳಲ್ಲಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗಿ ಇಬ್ಬನಿ ಹೆಪ್ಪುಗಟ್ಟುತ್ತದೆ; ಚಹದ ಚಿಗುರು ಸುಟ್ಟಂತೆ ಕಪ್ಪಾಗುತ್ತದೆ. ಅಂದು ತಗಡಿನ ಮಾಡಿನ ಕೂಲಿಕಾರನಿಗೂ ನಮ್ಮ ಮನೆಯ ವೃದ್ಧ ತಾಯಿಗೂ ಕೆಂಡವೇ ಗತಿ.

ಚಳಿ ಕಡಿಮೆಯಾಯಿತೆಂದು ಹೊಗೆಗೂಡಿಗೆ ಹಲಗೆ ಬಡಿಸುವವರನ್ನು ಕಂಡಾಗ ನನಗೆ ಅಂಜಿಕೆಯಾಗುತ್ತದೆ. ಅಂತಹ ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಒಲೆ ಹೊತ್ತಿಸಿದರೆ, ವಾಸನೆಯೇ ಇಲ್ಲದ ವಿಷಾನಿಲವು ನಿದ್ದೆಯಲ್ಲಿಯೇ ಪ್ರಾಣ ತೆಗೆಯಬಲ್ಲದು. ಅಗ್ಗಿಷ್ಟಿಕೆ ವರ್ಷದ ಬಹುದಿನ ತಣ್ಣಗಿರಲಿ. ವಾಚಕರೇ, ಹೊಗೆಯ ದಾರಿ ಮಾತ್ರ ತೆರೆದಿರಲಿ.