ಏಟಿಗಿಲ್ಲದ ಸಾಕ್ಷಿ ಸಾವಿಗೆ

ನಮ್ಮತ್ತೆಗೆ ಕೋರ್ಟು ಕಥೆ ಅಂದ್ರೆ ಪ್ರಾಣ ಕಣ್ರೀ. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬಂದಾಗಿನಿಂದ್ಲೂ ಟಿ. ಎನ್. ಸೀತಾರಾಂ ಅವ್ರ ಧಾರಾವಾಹಿ ಒಂದೂ ಬಿಟ್ಟೋರಲ್ಲ. ಸಿಎಸ್‌ಪಿ ವಕೀಲರು ಎದ್ದು ನಿಂತ್ರೆ ಒಲೆ ಮೇಲಿನ ಸಾರು ಉಕ್ಕಿದ್ರೂ ಇವ್ರಿಗೆ ಕೇಳ್ತಿರಲಿಲ್ಲ. ಈಗ ಮೊಬೈಲಲ್ಲಿ ಅಮೆರಿಕದ ‘ಪೆರ್ರಿ ಮೇಸನ್’ ಹಾಕ್ಕೊಡ್ತೀನಿ. 1957ರಿಂದ 1966ರವರೆಗೆ ಬಂದ ಹಳೇ ಧಾರಾವಾಹಿ. ಇಂಗ್ಲಿಷ್ ಬರದಿದ್ರೂ ಕಟಕಟೆ ಯಾವ ಭಾಷೇಲಾದ್ರೂ ಕಟಕಟೇನೇ ಅಲ್ವಾ.

ಇಂಥ ಕಥೆಗಳಲ್ಲಿ ಒಂದು ಮಾಮೂಲಿ ಜಾಡು ಐತೆ. ಗಂಡ ಹೆಂಡ್ತಿಗೆ ಹಿಂಸೆ ಕೊಡ್ತಾ ಇರ್ತಾನೆ. ಒಂದಿನ ಹೆಣವಾಗಿ ಸಿಕ್ತಾನೆ. ಪೊಲೀಸರ ಕಣ್ಣು ಮೊದಲು ಬೀಳೋದು ಹೆಂಡ್ತಿ ಮೇಲೆ. ಯಾಕೆ ಅಂದ್ರೆ, ಅವನು ಹೊಡೀತಿದ್ದ, ಅವಳಿಗೆ ಸಿಟ್ಟಿತ್ತು. ಪಕ್ಕದ ಮನೆಯೋರು, ಕೆಲಸದೋರು ಒಬ್ಬೊಬ್ರಾಗಿ ಬಂದು ‘ಹೌದು ಸ್ವಾಮಿ, ದಿನಾ ಗಲಾಟೆ ಕೇಳಿಸ್ತಿತ್ತು’ ಅಂತಾರೆ.

‘ಹೊಡೆಯೋವಾಗ ಇವ್ರೆಲ್ಲಾ ಎಲ್ಲೋಗಿದ್ರಂತೆ?’ ಅಂದ್ರು ಅತ್ತೆ.

ನೋಡಿ, ಕೊಲೆಗಾರ ಯಾರು ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ ಅದು. ಅವಳು ತಿಂದ ಏಟು ಅವಳಿಗೆ ರಕ್ಷಣೆ ತರಲಿಲ್ಲ. ಅವನು ಸತ್ತ ಮೇಲೆ ಅದೇ ಏಟು ಅವಳ ವಿರುದ್ಧ ಸಾಕ್ಷಿ ಆಯ್ತು.

ಇದು ಬರೀ ಕಥೆಯಲ್ಲ. ಇಂಗ್ಲೆಂಡಿಗೆ ಮದುವೆಯಾಗಿ ಹೋದ ಪಂಜಾಬಿನ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷ ಹಿಂಸೆ ತಿಂದು, 1989ರಲ್ಲಿ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿದ್ರು. ಅವನು ಸತ್ತ, ಇವ್ರಿಗೆ ಜೀವಾವಧಿ ಆಯ್ತು. ಹೆಣ್ಣುಮಕ್ಕಳ ಸಂಘದೋರು ಬೆನ್ನಿಗೆ ನಿಂತು, ಮೇಲ್ಮನವಿ ಗೆದ್ದು, 1992ರಲ್ಲಿ ಬಿಡುಗಡೆ ಆಯ್ತು. 2006ರ ‘ಪ್ರೊವೋಕ್ಡ್’ ಸಿನಿಮಾದಲ್ಲಿ ಐಶ್ವರ್ಯಾ ರೈ ಮಾಡಿದ್ದು ಇವ್ರದೇ ಪಾತ್ರ. ಆ ಹತ್ತು ವರ್ಷದ ನೋವು ಸರಿಯಾಗಿ ಲೆಕ್ಕಕ್ಕೆ ಬರೋಕೆ ಒಂದು ಪ್ರಾಣ ಹೋಗ್ಬೇಕಾಯ್ತು, ಒಬ್ಬಳು ಜೈಲಿಗೆ ಹೋಗ್ಬೇಕಾಯ್ತು.

ನಮ್ಮಲ್ಲಿ ಕಾನೂನಿಗೆ ಬರ ಇಲ್ಲ. 1983ರಲ್ಲೇ 498ಎ ಬಂತು, 2005ರಲ್ಲಿ ಕೌಟುಂಬಿಕ ದೌರ್ಜನ್ಯ ಕಾಯ್ದೆ. 181ಕ್ಕೆ ಫೋನ್ ಮಾಡಬಹುದು, 112ಕ್ಕೂ ಮಾಡಬಹುದು. ಆದ್ರೆ ಕಾನೂನಿಗೆ ತಾರೀಕು ಬೇಕು, ಚೀಟಿ ಬೇಕು, ನೋಡ್ದೋರು ಬೇಕು.

ನಮ್ಮ ಮಾದನಾಯಕನಹಳ್ಳಿ ವಠಾರದಲ್ಲಿ ಮನೆಮನೆಗೂ ಒಂದೇ ಗೋಡೆ. ಪೀಣ್ಯದಿಂದ ಶಿಫ್ಟ್ ಮುಗಿಸ್ಕೊಂಡು ಬಂದೋರು ಚಪ್ಪಲಿ ಬಿಡೋ ಸದ್ದೂ ಕೇಳುತ್ತೆ, ಕೆನ್ನೆಗೆ ಬಿದ್ದಿದ್ದೂ ಕೇಳುತ್ತೆ. ಹೋದ ವರ್ಷ ಹಿಂದಿನ ಸಾಲಿನ ಮನೇಲಿ ಸದ್ದು ಶುರುವಾದಾಗೆಲ್ಲಾ ಅತ್ತೆ ಲೋಟ ಹಿಡ್ಕೊಂಡು ಹೋಗಿ ಬಾಗಿಲು ಬಡಿಯೋರು. ‘ಹೆಪ್ಪು ಐತೇನವ್ವಾ?’ ರಾತ್ರಿ ಹತ್ತೂವರೆಗೆ ಹೆಪ್ಪು! ಒಳಗೆ ಕೈ ನಿಲ್ತಿತ್ತು. ಒಂದಿನ ಆ ಹುಡುಗೀನ ಆಸ್ಪತ್ರೆಗೆ ಕರ್ಕೊಂಡೋಗಿ, ಗಾಯ ಹೆಂಗಾಯ್ತು ಅಂತ ಡಾಕ್ಟ್ರ ಹತ್ರ ಬಾಯಿಬಿಟ್ಟು ಹೇಳಿಸಿ, ಚೀಟೀಲಿ ಬರೆಸ್ಕೊಂಡು ಬಂದ್ರು. ಈಗ ಅವಳು ತವರಲ್ಲಿದ್ದಾಳೆ, ಕೇಸು ನಡೀತಾ ಐತೆ.

ಹಾಲಿನ ಲೆಕ್ಕದ ಹಳೇ ಕ್ಯಾಲೆಂಡರ್ ಇನ್ನೂ ನಮ್ಮ ಬೀರುವಲ್ಲೈತೆ. ಅರ್ಧ ಲೀಟರ್, ಒಂದು ಲೀಟರ್ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆ. ಅತ್ತೆ ಹೆಪ್ಪು ಕೇಳೋಕೆ ಹೋದ ರಾತ್ರಿಗಳು ಅವು. ಎಣಿಸಿದ್ರೆ ಹನ್ನೊಂದು.