ಎರಡನೇ ನಂಬರಿನ ನೂಲು

ನೇಕಾರನಿಗೆ ಕಣ್ಣು ಮಂಜಾಗುತ್ತದೆ, ಸೊಂಟ ಹಿಡಿಯುತ್ತದೆ, ಮಗ್ಗದ ಕುಣಿಯ ತಂಪಿಗೆ ಮೊಣಕಾಲು ಮರಗಟ್ಟುತ್ತದೆ ಎಂಬುದು ಇಳಕಲ್ಲಿನ ನಮ್ಮ ಓಣಿಯಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಹೆಗಲು ಹರಿಯುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಮೀಸೆ ಮೂಡುವ ಮೊದಲೇ ಕುಣಿಯಲ್ಲಿ ಕಾಲಿಟ್ಟು ಇಷ್ಟು ವರ್ಷ ಗಟ್ಟಿಮುಟ್ಟಾಗಿ ಬದುಕಿದವನು ನಾನು. ಬಲಗೈ ಹಿಡಿಕೆ ಜಗ್ಗಿದರೆ ಲಾಳಿ ಆಚೆಗೆ, ಮತ್ತೆ ಜಗ್ಗಿದರೆ ಈಚೆಗೆ, ನಡುನಡುವೆ ಎಡಗೈ ಹಣಿಗೆ ಬಡಿಯುತ್ತಿರಬೇಕು. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ಜಗ್ಗು. ಒಂದು ಸೀರೆಗೆ ಎಷ್ಟು ಜಗ್ಗು ಎಂದು ಲೆಕ್ಕ ಹಾಕಲು ಕೂರಬೇಡಿ, ಹೆಗಲು ನೋಯುತ್ತದೆ.

ಅಂಗಿಯ ತೋಳಿಗೆ ಕೈ ತೂರಿಸಲು ಆಗದಂತಾದಾಗ ಬಾಗಲಕೋಟೆಯ ಡಾಕ್ಟರ ಹತ್ತಿರ ಹೋದೆ. ಸ್ಕ್ಯಾನು ಮಾಡಿಸಿ, ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ಅವರು ವಿವರಿಸಿದರು. ಭುಜದ ಕೀಲನ್ನು ನಾಲ್ಕು ಸ್ನಾಯುಗಳು ಸುತ್ತಿ ಹಿಡಿದಿರುತ್ತವಂತೆ. ಅವುಗಳಲ್ಲಿ ಮೇಲಿನದರ ತುದಿ ತೇಯ್ದು ತೇಯ್ದು ಎಲುಬಿನಿಂದ ಕಿತ್ತು ಬಂದಿದೆ. ಸಣ್ಣ ತೂತು ಹಾಕಿ, ಒಳಗೆ ಕ್ಯಾಮೆರಾ ಬಿಟ್ಟು, ಎಲುಬಿಗೆ ಪುಟ್ಟ ಮೊಳೆ ಕೂಡಿಸಿ, ಆ ಮೊಳೆಯ ದಾರದಿಂದ ಸ್ನಾಯುವನ್ನು ಎಳೆದು ಕಟ್ಟಬೇಕು.

"ದಾರ ಎಷ್ಟನೇ ನಂಬರ್ರೀ ಸಾಹೇಬರ?" ಎಂದೆ.

ಡಾಕ್ಟರು ಹಾಳೆ ಕೆಳಗಿಟ್ಟು ನನ್ನ ಮುಖ ನೋಡಿದರು. ಉಳಿದ ರೋಗಿಗಳು ಖರ್ಚೆಷ್ಟು ಎಂದು ಕೇಳುತ್ತಾರೆ. (ಅದನ್ನೂ ಕೇಳಿದೆ, ಆಮೇಲೆ.) "ಎರಡನೇ ನಂಬರು" ಎಂದರು.

ನನ್ನ ಎದೆ ಧಸಕ್ಕೆಂದಿತು. ನಾವು ನೂಲಿನವರು. ಒಂದು ಪೌಂಡು ತೂಕದಲ್ಲಿ 840 ಗಜದ ಲಡಿ ಎಷ್ಟು ಬರುತ್ತವೋ ಅದೇ ಹತ್ತಿ ನೂಲಿನ ನಂಬರು. ನಂಬರು ಏರಿದಷ್ಟೂ ಎಳೆ ಸಣ್ಣ. 80, 100 ಎಂದರೆ ಸೀರೆಯ ನೂಲು. ಎರಡನೇ ನಂಬರು ಎಂದರೆ ಎತ್ತು ಕಟ್ಟುವ ಹಗ್ಗದ ದಾಯಾದಿ! ಅದನ್ನು ನನ್ನ ಹೆಗಲೊಳಗೆ ಹೊಲಿಯುತ್ತಾರೆಯೇ? ಡಾಕ್ಟರು ನಕ್ಕು ಸಮಾಧಾನ ಹೇಳಿದರು. ಅವರಲ್ಲಿ ಲೆಕ್ಕ ತಿರುಗಾಮುರುಗಾ. ನಂಬರು ಏರಿದಷ್ಟೂ ದಪ್ಪ, ಎರಡು ಎಂದರೂ ಅರ್ಧ ಮಿಲಿಮೀಟರಿನ ಆಸುಪಾಸು. ಪಾಲಿಎಥಿಲೀನಿನ ಎಳೆ, ಹಿಗ್ಗುವುದಿಲ್ಲ, ಸುಲಭಕ್ಕೆ ತುಂಡಾಗುವುದಿಲ್ಲ. "ಅವಸರ ಮಾಡಿದ್ರ ದಾರ ಹರಿಯೂದಿಲ್ರಿ, ನಿಮ್ಮ ಸ್ನಾಯು ಹರೀತದ" ಎಂದರು. ಗಟ್ಟಿ ನೂಲಿನಲ್ಲಿ ಹೊಲಿದ ಹಳೆಯ ಬಟ್ಟೆ ಹೊಲಿಗೆಯ ಪಕ್ಕದಲ್ಲೇ ಪಿಸಿಯುವುದನ್ನು ನೋಡಿದವನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ಇಳಕಲ್ ಸೀರೆಯ ಜೀವ ಕೊಂಡಿಯಲ್ಲಿದೆ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡರ ಎಳೆಗಳನ್ನೂ ಕುಣಿಕೆಯೊಳಗೆ ಕುಣಿಕೆಯಾಗಿ ಸಿಕ್ಕಿಸಿ ಕೂಡಿಸಬೇಕು. ಆಮೇಲೆ ಕೆಂಪು ಸೆರಗಿನ ಮೇಲೆ ಬಿಳಿ ತೋಪು ತೆನೆ ಎದ್ದು ನಿಲ್ಲುತ್ತದೆ. ಇದಕ್ಕಾಗಿಯೇ ನಮ್ಮಲ್ಲಿ ಒಂದೊಂದು ಸೀರೆಗೂ ಬೇರೆಬೇರೆ ಹಾಸು. ಆರು ಗಜವೋ ಒಂಬತ್ತು ಗಜವೋ ಮೊದಲೇ ತೀರ್ಮಾನವಾಗಬೇಕು. ನನ್ನ ಹೆಗಲೊಳಗೆ ಬಿದ್ದದ್ದೂ ಒಂದು ಕೊಂಡಿಯೇ ತಾನೆ ಎಂದು ಆಪರೇಷನ್ನಿನ ಮರುದಿನ ಡಾಕ್ಟರ ಮುಂದೆ ಜಾಣತನ ತೋರಿಸಿದೆ. ಅವರು ಒಪ್ಪಿ, ಒಂದು ತಿದ್ದುಪಡಿ ಹಾಕಿದರು. ದಾರದ ಕೆಲಸ ಹಿಡಿದಿಟ್ಟುಕೊಳ್ಳುವುದಷ್ಟೇ, ಕೂಡುವ ಕೆಲಸ ಮೈಯದು. ಸ್ನಾಯು ಎಲುಬಿಗೆ ಬೆರೆಯಲು ಹನ್ನೆರಡು ವಾರವಾದರೂ ಬೇಕು. ಮೊದಲ ಆರು ವಾರ ಕೈ ಜೋಳಿಗೆಯಲ್ಲಿ. ಮೂರು ತಿಂಗಳು ಭಾರ ಎತ್ತುವಂತಿಲ್ಲ. ಮಗ್ಗದ ಮಾತು ಆರು ತಿಂಗಳ ಮೇಲೆ. ಪೂರ್ತಿ ಬಲ ಬರಲು ವರ್ಷವೇ ಹಿಡಿದೀತು.

ನಮ್ಮೂರಲ್ಲಿ ಜೋಳಿಗೆಗೆ ಬೇರೆಯೇ ಘನತೆಯಿದೆ. ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಇಂಥ ಊರಿನಲ್ಲಿ ನಾನು ಕೈಯನ್ನು ನೀಲಿ ಜೋಳಿಗೆಗೆ ಹಾಕಿಕೊಂಡು ಕಟ್ಟೆಗೆ ಬಂದು ಕೂತರೆ ಜನ ಬಿಟ್ಟಾರೆಯೇ? ಎದುರು ಮನೆಯ ಹುಡುಗ ಗಂಭೀರವಾಗಿ ಬಂದು ಅರ್ಧ ಖಾಲಿಯಾದ ಗುಟ್ಕಾ ಚೀಟಿಯನ್ನು ನನ್ನ ಮೊಣಕೈ ಹತ್ತಿರ ಇಳಿಬಿಟ್ಟ. "ಇವತ್ತಿಂದ ಬಿಟ್ಟೆ ನೋಡ್ರಿ ಕಾಕಾ." ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು. ಮರುದಿನ ಬೆಳಿಗ್ಗೆ, ಇನ್ನೂ ಕಸ ಹೊಡೆಯುವ ಹೊತ್ತು, ಅವನೇ ಬಾಗಿಲಲ್ಲಿ ನಿಂತಿದ್ದ. "ಕಾಕಾ, ನಿನ್ನೆ ಹಾಕಿದ್ದು ಐತೇನ್ರಿ?"

ಒಂಟಿ ಎಡಗೈಯಲ್ಲಿ ಏನೇನು ಆಗುವುದಿಲ್ಲ ಎಂದು ಒಂದು ವಾರದಲ್ಲಿ ಗೊತ್ತಾಯಿತು. ಧೋತರ ಉಡಲು ಆಗುವುದಿಲ್ಲ. ಮೆತ್ತಗಿನ ಜೋಳದ ರೊಟ್ಟಿ ಮುರಿಯಲು ಆಗುವುದಿಲ್ಲ, ಆ ಮಟ್ಟಿಗೆ ಖಡಕ್ ರೊಟ್ಟಿಯೇ ಪರೋಪಕಾರಿ, ಒಂದು ಗುದ್ದಿಗೆ ನಾಲ್ಕು ಚೂರು. ಮಲಗಲು ಆಗುವುದಿಲ್ಲ, ದಿಂಬುಗಳ ನಡುವೆ ಅರ್ಧ ಕೂತು ಬೆಳಗು ಮಾಡಬೇಕು. ಒಂದು ಲಗ್ನದಲ್ಲಿ ಎಡಗೈಯಲ್ಲಿ ಊಟ ಮಾಡುತ್ತಿದ್ದ ನನ್ನನ್ನು ನೋಡಿ ಹಿರಿಯ ಅಜ್ಜಿಯೊಬ್ಬರು ಲೊಚಗುಟ್ಟಿದರು. ಜೋಳಿಗೆ ಕಂಡ ಮೇಲೆ ಕರುಣೆ ಉಕ್ಕಿ ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿದರು. ನೋವಿಗೂ ಒಂದು ಮರ್ಯಾದೆ ಇದೆ, ಆದರೆ ಅದಕ್ಕೆ ಕಾಣುವಂಥ ಪಟ್ಟಿ ಬೇಕು. ಜೋಳಿಗೆ ಬಿಚ್ಚಿದ ದಿನದಿಂದ ಯಾರೂ ನನ್ನನ್ನು ರೋಗಿ ಎನ್ನಲಿಲ್ಲ. "ಇನ್ನೂ ಮನ್ಯಾಗ ಅದೀರೇನು?" ಎನ್ನತೊಡಗಿದರು. ನಿಜವಾದ ಕಷ್ಟ ಶುರುವಾಗುವುದೂ ಆವಾಗಲೇ.

ವ್ಯಾಯಾಮ ಕಲಿಸಲು ಇದ್ದವಳು ಚಿಕ್ಕ ವಯಸ್ಸಿನ ಹುಡುಗಿ. ಮೊದಲ ಪಾಠ, ಬಗ್ಗಿ ನಿಂತು ಬಲಗೈಯನ್ನು ಜೋತುಬಿಟ್ಟು ಮೈಯನ್ನು ತೂಗಬೇಕು, ಕೈ ತಾನಾಗಿ ಆಡಬೇಕು. ಅಂಗಳದಲ್ಲಿ ಹೀಗೆ ತೂಗುತ್ತಿದ್ದರೆ ಹೋಗುವವರು ಬರುವವರು ನಿಂತು ತಾವೂ ನೆಲ ಹುಡುಕುತ್ತಿದ್ದರು. "ಏನ್ ಕಳಕೊಂಡ್ರಿ?" ಮುಂದೆ ಬೆರಳುಗಳಿಂದ ಗೋಡೆ ಹತ್ತಿಸುವುದು. ಮುಟ್ಟಿದಲ್ಲಿಗೆ ಪೆನ್ಸಿಲ್ ಗೆರೆ. ಅದೇ ಗೋಡೆಯ ಮೇಲೆ ಮಗಳ ಎತ್ತರದ ಹಳೆಯ ಗೆರೆಗಳಿದ್ದವು. ಎಷ್ಟೋ ವಾರಗಳಾದರೂ ನನ್ನ ಕೈ ಅವಳ ಮೂರನೇ ಇಯತ್ತೆಯನ್ನು ದಾಟಲಿಲ್ಲ.

ಒಂದು ದಿನ ಆ ಹುಡುಗಿ ದೊಡ್ಡ ಉಪಕರಣ ತೋರಿಸುವ ಗತ್ತಿನಲ್ಲಿ ಚೀಲದಿಂದ ಒಂದು ಗಾಲಿ, ಒಂದು ಹಗ್ಗ, ಎರಡು ಹಿಡಿಕೆ ತೆಗೆದು ಬಾಗಿಲ ಮೇಲೆ ಕಟ್ಟಿದಳು. ನಾನು ನಕ್ಕೆ. ಹಗ್ಗ ಮತ್ತು ಹಿಡಿಕೆಯಿಂದಲೇ ಹೆಗಲು ಕಳೆದುಕೊಂಡವನಿಗೆ ಔಷಧವೂ ಹಗ್ಗ ಮತ್ತು ಹಿಡಿಕೆಯೇ! ಇದರಲ್ಲಾದರೂ ಪ್ರಥಮ ದರ್ಜೆ ನನ್ನದು ಎಂದು ಬಲಗೈಯನ್ನು ಮುಂದಕ್ಕೆ ಚಾಚಿದೆ.

"ಜಗ್ಗಬ್ಯಾಡ್ರಿ ಕಾಕಾ! ಎಡಗೈ ಜಗ್ಗಲಿ, ಬಲಗೈ ಸುಮ್ಮನ ಮ್ಯಾಲೆ ಹೋಗಲಿ. ಅದು ಏನೂ ಮಾಡಬಾರದು."

ಏನೂ ಮಾಡದೆ ಇರುವುದನ್ನು ನನ್ನ ಬಲಗೈ ಎಲ್ಲಿ ಕಲಿತಿತ್ತು? ಪಕ್ಕದ ಮನೆಯಲ್ಲಿ ಲಾಳಿ ಓಡಿದ ಸಪ್ಪಳಕ್ಕೇ ಅದು ಎಲೆಯಡಿಕೆ ಹಾಕುತ್ತಿದ್ದರೂ ಚಿಟಕ್ಕನೆ ಹಾರುತ್ತಿತ್ತು. ಸುತ್ತಲ ಮಗ್ಗಗಳ ಸಪ್ಪಳ ಒಂದೊಂದಾಗಿ ನಿಲ್ಲುವ ರಾತ್ರಿ ಊಟದ ಹೊತ್ತಿಗೆ ಮಾತ್ರ ಕೈಗೆ ವಿಶ್ರಾಂತಿ. ಮೊದಲು ಇದಕ್ಕಿಂತ ಗದ್ದಲವಿತ್ತು. ಈಗ ಓಣಿಯ ಕೆಲವು ಕುಣಿಗಳ ಮೇಲೆ ಹಲಗೆ ಬಿದ್ದು, ಮೇಲೆ ಟಿವಿ ಕೂತಿದೆ. ಹಾಗಾಗಿ ಕೈಯ ಮಟ್ಟಿಗೆ ಕೆಲಸ ಸ್ವಲ್ಪ ಕಡಿಮೆಯೇ.

ನಮ್ಮ ಮನೆಯ ಕುಣಿಗೆ ಹಲಗೆ ಬೀಳಲಿಲ್ಲ. ಆಪರೇಷನ್ನಾಗಿ ಮನೆಗೆ ಬಂದ ವಾರವೇ ನಮ್ಮಾಕಿ ಸೆರಗು ಸಿಕ್ಕಿಸಿ ಕುಣಿಗಿಳಿದಳು. ರಾಟಿ ತಿರುಗಿಸಿ ಕಂಡಿಕೆ ಸುತ್ತುವವಳು, ಹಾಸು ಹೂಡುವವಳು, ಕೊಂಡಿ ಕೂಡಿಸುವವಳು ಮೊದಲಿಂದಲೂ ಅವಳೇ. ನೇಕಾರ ಎಂಬ ಗುರುತಿನ ಚೀಟಿ ನನ್ನ ಹೆಸರಿನಲ್ಲಿದೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದ 35 ಲಕ್ಷ ಕೈಮಗ್ಗದ ಕೆಲಸಗಾರರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರು ಎಂದು ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. "ಎಣಿಸಾಕ ಬಂದವ್ರು ಶ್ಯಾಣ್ಯಾ ಇದ್ದಾರ" ಎಂದು ಕುಣಿಯಿಂದ ಉತ್ತರ ಬಂತು. ಜೇಡರ ದಾಸಿಮಯ್ಯ ನೇಯ್ದ ಬಟ್ಟೆಯ ಕಥೆ ನಮಗೆಲ್ಲ ಬಾಯಿಪಾಠ. ಅವನ ಮನೆಯಲ್ಲಿ ಕಂಡಿಕೆ ಸುತ್ತಿದವರು ಯಾರು ಎಂದು ಯಾವ ಪುರಾಣಿಕರೂ ನನಗೆ ಹೇಳಿಲ್ಲ. ಅವನ ಹೆಂಡತಿ ದುಗ್ಗಳೆಯೇ ಇರಬೇಕು. ಆಕೆ ವಚನವನ್ನೂ ಬರೆದಳು, ಪಾಪ, ಯಾವಾಗ ಪುರಸೊತ್ತಾಯಿತೋ.

ನೂಲು ಕೊಡುವ ಸಾಹುಕಾರರು ಸೀರೆ ಒಯ್ಯಲು ಬಂದರು. ಮಡಿಕೆ ಬಿಚ್ಚಿ, ಗೋಮಿ ಅಂಚನ್ನು ಹೆಬ್ಬೆರಳಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. "ಆಪರೇಷನ್ ಚಲೋ ಆಗೇದ ಬಿಡು. ನಿನ್ನ ಕೈ ಮೊದಲಿಗಿಂತ ಸುಧಾರಿಸೇದ."

"ಅದು ಆಕಿ ನೇಯ್ದದ್ರಿ" ಎಂದೆ.

ಅವರು ಇನ್ನೊಮ್ಮೆ ಅಂಚು ಉಜ್ಜಿದರು. "ಹಂಗಾರ ಇನ್ನ ಮ್ಯಾಲೆ ಆಕೀನ ನೇಯಲಿ. ಮಜೂರಿ ಏನೋ ಅಷ್ಟ."

ಆಗ ನನ್ನ ಜಾಗ ರಾಟಿಯ ಮುಂದೆ ಖಾಯಂ ಆಯಿತು. ಮೊಣಕೈ ಪಕ್ಕೆಗೆ ಅಂಟಿಕೊಂಡಿದ್ದರೆ ಬಲಗೈಯಲ್ಲಿ ಸಣ್ಣ ಕೆಲಸ ಮಾಡಬಹುದು ಎಂದು ವ್ಯಾಯಾಮದ ಹುಡುಗಿ ಒಪ್ಪಿಗೆ ಕೊಟ್ಟಿದ್ದಳು. ಕಂಡಿಕೆ ಸುತ್ತುವುದು ಮಕ್ಕಳ ಕೆಲಸವೆಂದು ತಿಳಿದಿದ್ದೆ. ನಾನು ಸುತ್ತಿದ ಕಂಡಿಕೆಗಳು ಲಾಳಿಯೊಳಗೆ ಒಮ್ಮೆಲೇ ಉದುರಿ ಸಿಕ್ಕುಗಟ್ಟುತ್ತಿದ್ದವು. ಪ್ರತಿ ಸಲವೂ ಮಗ್ಗ ನಿಂತು, ಕುಣಿಯಿಂದ ಒಂದು ನೋಟ ಬರುತ್ತಿತ್ತು.

ಕೊನೆಗೂ ಡಾಕ್ಟರು ಕೈಯನ್ನು ಮೇಲೆತ್ತಿಸಿ, ಹಿಂದೆ ತಿರುಗಿಸಿ, ದಿನಕ್ಕೆ ಅರ್ಧ ತಾಸು ಮಗ್ಗಕ್ಕೆ ಕೂರಬಹುದು ಎಂದರು. ಬಸ್ಸಿಳಿದವನೇ ಕಾಲು ತೊಳೆದು ಕುಣಿಯ ದಂಡೆಗೆ ಬಂದು ನಿಂತೆ. ಒಡಲು ನಡುಮಟ್ಟಕ್ಕೆ ಬಂದಿತ್ತು. ಅವಳು ತಲೆ ಎತ್ತಲಿಲ್ಲ.

"ನಡುವ ಕೈ ಬದಲಾದ್ರ ಪೆಟ್ಟು ಬದಲಾಗಿ ಅಡ್ಡ ಪಟ್ಟಿ ಬೀಳ್ತದ. ನೀವ ಹೇಳ್ತಿದ್ದಿರಿ. ಇದು ಮುಗೀಲಿ."

"ಇದು ಮುಗಿದ ಮ್ಯಾಲೆ?"

"ಮುಂದಿನ ಹಾಸು ಆಗಲೇ ಹೂಡೇನಿ, ನೋಡೂಣು. ಆಮ್ಯಾಲೆ, ಕಂಡಿಕಿ ಇಷ್ಟ ಸಡ್ಲ ಸುತ್ತಬ್ಯಾಡ್ರಿ."